ಬಾಡಿಗೆ ಮನೆಯೋ, ಸ್ವಂತ ಮನೆಯೋ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಮನುಷ್ಯನ ಜೀವಮಾನದ ಗಳಿಕೆಯನ್ನು ಒಮ್ಮೆಲೇ ನುಂಗುವ ಎರಡು ಕಾರ್ಯಗಳಿವು. ಮದುವೆಯ ದುಂದುವೆಚ್ಚ ಮತ್ತು ವರದಕ್ಷಿಣೆಯ ಕುರಿತು ನಮ್ಮ ಮಿಂಬರ್‌ಗಳಲ್ಲಿ, ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಬಹಳಷ್ಟು ಚರ್ಚೆ ನಡೆದಿದೆ. ಆದರೆ ಮನೆಯ ವಿಷಯ ಬಂದಾಗ ನಾವು ಮೌನ ತಾಳುತ್ತೇವೆ. ಯಾರು ಹೇಗೆ ಮನೆ ಮಾಡಿಕೊಂಡರೆಂದು ಯಾರೂ ಕೇಳುವುದಿಲ್ಲ. ಹೊಸ ಮನೆಯ ಊಟ ಮುಗಿಸಿ, ‘ಮಾಶಾ ಅಲ್ಲಾಹ್, ಬಹಳ ಚೆನ್ನಾಗಿದೆ’ ಎಂದು ಹೇಳಿ ಮರಳುತ್ತೇವೆ.

ಕೆಲವು ವರ್ಷಗಳ ಹಿಂದೆ ಮಂಗಳೂರಿನಲ್ಲಿ ವಾಸಿಸುವ ಓರ್ವ ಯುವಕ ಇಶಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ನನ್ನ ಬಳಿ ಬಂದು ಕುಳಿತ. ಒಂದು ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಪತ್ನಿ ಶಾಲೆಯಲ್ಲಿ ಅಧ್ಯಾಪಿಕೆ. ಇಬ್ಬರು ಪುಟ್ಟ ಮಕ್ಕಳು. ದಂಪತಿಯ ಒಟ್ಟು ಆದಾಯ ತಿಂಗಳಿಗೆ 48,000 ರೂಪಾಯಿ. ಮನೆ ಬಾಡಿಗೆ 11,000. ಮದುವೆಯಾದಂದಿನಿಂದ ಕೂಡಿಟ್ಟ ಹಣ 8 ಲಕ್ಷ. ನಗರದ ಹೊರವಲಯದಲ್ಲಿ 38 ಲಕ್ಷಕ್ಕೆ ಒಂದು ಫ್ಲ್ಯಾಟ್ ಇದೆ, ಉಳಿದ 30 ಲಕ್ಷವನ್ನು ಬ್ಯಾಂಕು ಕೊಡಲು ಸಿದ್ಧವಿದೆ, ಏನು ಮಾಡಲಿ ಎಂಬುದು ಅವನ ಪ್ರಶ್ನೆ.

‘ನಿನಗೇನು ಅನ್ನಿಸುತ್ತದೆ?’ ಎಂದು ಕೇಳಿದೆ.

‘ಬಡ್ಡಿ ಹರಾಮ್ ಎಂದು ಗೊತ್ತಿದೆ. ಆದರೆ ಮಾವನ ಮನೆಗೆ ಹೋದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ ಮಾತು: ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೀರಾ? ನನ್ನ ಹೆಂಡತಿ ಆ ದಿನ ರಾತ್ರಿ ಊಟ ಮಾಡುವುದಿಲ್ಲ’ ಎಂದ.

ಪ್ರಿಯ ಓದುಗರೇ, ಈ ಪ್ರಶ್ನೆ ಆ ಯುವಕನೊಬ್ಬನದಲ್ಲ. ನಮ್ಮ ಸಮುದಾಯದ ಸಾವಿರಾರು ಯುವ ದಂಪತಿಗಳು ಇಂದು ಇದೇ ಕವಲುದಾರಿಯಲ್ಲಿ ನಿಂತಿದ್ದಾರೆ. ಬನ್ನಿ, ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಮನೆ ಏತಕ್ಕಾಗಿ?

ಮನೆಯನ್ನು ಹೇಗೆ ಮಾಡಿಕೊಳ್ಳಬೇಕೆಂದು ಕೇಳುವ ಮೊದಲು, ಮನೆ ಏತಕ್ಕಾಗಿ ಎಂದು ಕೇಳಬೇಕು. ಅಲ್ಲಾಹನು ಮನುಷ್ಯರ ಮನೆಗಳನ್ನು ಅವರಿಗೆ ನೆಮ್ಮದಿಯ ತಾಣವಾಗಿ ಮಾಡಿದನೆಂದು ಪವಿತ್ರ ಕುರ್‌ಆನಿನ ‘ಅನ್ನಹ್ಲ್’ ಅಧ್ಯಾಯವು ನೆನಪಿಸುತ್ತದೆ. ಅಲ್ಲಿ ಬಳಸಲಾದ ‘ಸಕನ್’ ಎಂಬ ಪದಕ್ಕೆ ಶಾಂತಿ, ವಿಶ್ರಾಂತಿ, ನೆಲೆ ಎಂಬ ಅರ್ಥಗಳಿವೆ. ‘ಅರ್‍ರೂಮ್’ ಅಧ್ಯಾಯದಲ್ಲಿ ಪತಿ ಪತ್ನಿಯರ ಸಂಬಂಧದ ಉದ್ದೇಶವನ್ನು ಹೇಳುವಾಗಲೂ ಇದೇ ಮೂಲದ ಪದವೇ ಬಂದಿದೆ. ಅಂದರೆ ಮನೆಯೂ ದಾಂಪತ್ಯವೂ ಒಂದೇ ಗುರಿಯತ್ತ ಸಾಗಬೇಕಾದವು. ಮನೆಯ ಸಲುವಾಗಿ ದಾಂಪತ್ಯದ ನೆಮ್ಮದಿ ಹಾಳಾದರೆ, ಅಲ್ಲಿ ಗೋಡೆಗಳು ಎದ್ದವೇ ಹೊರತು ಮನೆ ಏಳಲಿಲ್ಲ.

‘ಅನ್ನಹ್ಲ್’ ಅಧ್ಯಾಯದ ಆ ವಚನದಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಸ್ಥಿರವಾದ ಮನೆಗಳನ್ನು ಪ್ರಸ್ತಾಪಿಸಿದ ಬೆನ್ನಿಗೇ, ಜಾನುವಾರುಗಳ ಚರ್ಮದಿಂದ ಮಾಡಿದ, ಪ್ರಯಾಣದಲ್ಲೂ ತಂಗುವಾಗಲೂ ಹಗುರವಾಗಿರುವ ಡೇರೆಗಳನ್ನೂ ಅಲ್ಲಿ ಪ್ರಸ್ತಾಪಿಸಲಾಗಿದೆ. ಒಂದೆಡೆ ನಿಲ್ಲುವ ಮನೆಯೂ ಅನುಗ್ರಹ, ಬಿಚ್ಚಿ ಹೊತ್ತೊಯ್ಯುವ ಡೇರೆಯೂ ಅನುಗ್ರಹ. ಇಂದಿನ ನಗರಗಳಲ್ಲಿ ಬಾಡಿಗೆ ಮನೆ ಎಂದರೆ ಒಂದು ಬಗೆಯ ಡೇರೆಯೇ ತಾನೇ? ಅದರಲ್ಲಿ ವಾಸಿಸುವವನು ತಲೆ ತಗ್ಗಿಸಬೇಕಾದ ಕಾರಣವೇನಿದೆ?

ಪ್ರವಾದಿವರ್ಯರ(ಸ) ಜೀವನವನ್ನೇ ನೋಡಿ. ಮಕ್ಕಾದಲ್ಲಿ ಮನೆ ಮಠ ತೊರೆದು ಮದೀನಾಕ್ಕೆ ಬಂದಾಗ ಅವರಿಗೆ ಸ್ವಂತದ್ದೆಂದು ಒಂದು ಸೂರೂ ಇರಲಿಲ್ಲ. ಸುಮಾರು ಏಳು ತಿಂಗಳ ಕಾಲ ಅವರು ಅಬೂ ಅಯ್ಯೂಬ್ ಅನ್ಸಾರಿಯವರ(ರ) ಮನೆಯ ಕೆಳ ಅಂತಸ್ತಿನಲ್ಲಿ ತಂಗಿದ್ದರು. ಮೇಲಂತಸ್ತಿನಲ್ಲಿ ಒಂದು ರಾತ್ರಿ ನೀರಿನ ಪಾತ್ರೆ ಒಡೆದುಹೋದಾಗ, ನೀರು ಕೆಳಗೆ ತೊಟ್ಟಿಕ್ಕಿ ಪ್ರವಾದಿಯವರಿಗೆ(ಸ) ತೊಂದರೆಯಾದೀತೆಂದು ಹೆದರಿ, ಆ ದಂಪತಿ ತಮ್ಮಲ್ಲಿದ್ದ ಏಕೈಕ ಹೊದಿಕೆಯಿಂದ ನೀರನ್ನು ಒರೆಸಿದರೆಂದು ಚರಿತ್ರೆಯಲ್ಲಿದೆ. ಮಸೀದಿಗೂ ಅದರ ಪಕ್ಕದ ಕೋಣೆಗಳಿಗೂ ಆಯ್ಕೆಯಾದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಅವರು ಅದನ್ನು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿಯವರು(ಸ) ಒಪ್ಪದೆ ಬೆಲೆ ಕೊಟ್ಟೇ ಕೊಂಡರು. ಮುಂದೆ ಮಕ್ಕಾ ವಿಜಯದ ಸಂದರ್ಭದಲ್ಲಿ, ತಮ್ಮ ಹಳೆಯ ಮನೆಯಲ್ಲಿ ತಂಗುವಿರಾ ಎಂದು ಉಸಾಮಾ(ರ) ಕೇಳಿದಾಗ, ಅಕೀಲ್ ನಮಗೆ ಮನೆಯನ್ನೇನಾದರೂ ಉಳಿಸಿದ್ದಾನೆಯೇ ಎಂದು ಮರುಪ್ರಶ್ನಿಸಿದರು. ವಿಜಯಿಯಾಗಿ ಬಂದ ಊರಿನಲ್ಲೂ ಅವರು ತಮ್ಮ ಹಳೆಯ ಮನೆಯನ್ನು ಮರಳಿ ವಶಪಡಿಸಿಕೊಳ್ಳಲಿಲ್ಲ.

ಇತರರ ಮನೆಯಲ್ಲಿ ತಂಗಿದ್ದು, ಬೆಲೆ ಕೊಟ್ಟು ಜಾಗ ಕೊಂಡದ್ದು, ಕೈತಪ್ಪಿದ ಮನೆಯನ್ನು ಬಿಟ್ಟುಕೊಟ್ಟದ್ದು, ಈ ಮೂರೂ ಆ ಒಂದೇ ಬದುಕಿನಲ್ಲಿವೆ. ಮೂರರಲ್ಲೂ ಅವರ ಗೌರವಕ್ಕೆ ಕಿಂಚಿತ್ತೂ ಕುಂದುಂಟಾಗಲಿಲ್ಲ.

ಶರೀಅತ್ ಕೇಳುವುದೇನು?

ಪತ್ನಿ ಮಕ್ಕಳಿಗೆ ವಾಸಸ್ಥಳ ಒದಗಿಸುವುದು ಪತಿಯ ಹೊಣೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ವಾಸಸ್ಥಳ ಅವನ ಒಡೆತನದ್ದೇ ಆಗಿರಬೇಕೆಂದು ಫಿಕ್‌ಹ್ ವಿದ್ವಾಂಸರು ಷರತ್ತು ವಿಧಿಸಿಲ್ಲ. ಸ್ವಂತದ್ದಾಗಲಿ, ಬಾಡಿಗೆಯದ್ದಾಗಲಿ, ಇನ್ನೊಬ್ಬರು ವಾಸಕ್ಕೆ ಬಿಟ್ಟುಕೊಟ್ಟದ್ದಾಗಲಿ, ಪತ್ನಿಯ ಮಾನ, ಸುರಕ್ಷೆ ಮತ್ತು ಏಕಾಂತಕ್ಕೆ ತಕ್ಕುದಾಗಿದ್ದರೆ ಹೊಣೆ ಸಂದಾಯವಾಯಿತು. ನಾಳೆ ವಿಚಾರಣೆಯ ದಿನ, ನಿನ್ನ ಹೆಸರಿನಲ್ಲಿ ಕ್ರಯಪತ್ರವಿತ್ತೇ ಎಂದು ಕೇಳಲಾಗದು. ನಿನ್ನ ಅಧೀನದಲ್ಲಿದ್ದವರನ್ನು ಹೇಗೆ ನೋಡಿಕೊಂಡೆ, ಹಣವನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂದು ಕೇಳಲಾಗುವುದು.

ಹಾಗಾದರೆ ಸ್ವಂತ ಮನೆಯ ಬಯಕೆ ತಪ್ಪೇ? ಖಂಡಿತ ಅಲ್ಲ. ವಿಶಾಲವಾದ ವಾಸಸ್ಥಳವನ್ನೂ ಒಳ್ಳೆಯ ನೆರೆಯವರನ್ನೂ ಪ್ರವಾದಿವರ್ಯರು(ಸ) ಮನುಷ್ಯನ ಸೌಭಾಗ್ಯಗಳಲ್ಲಿ ಎಣಿಸಿದ್ದಾರೆ. ಅದರಲ್ಲೂ ನಮ್ಮ ಇಂದಿನ ಪರಿಸ್ಥಿತಿಯಲ್ಲಿ ಸ್ವಂತ ಮನೆಗೆ ಇನ್ನೊಂದು ಅರ್ಥವೂ ಇದೆ. ಹೆಸರು ಕೇಳಿದೊಡನೆ ‘ಮನೆ ಖಾಲಿ ಇಲ್ಲ’ ಎಂದು ಬಾಗಿಲು ಮುಚ್ಚಿಸಿಕೊಂಡ ಅನುಭವ ನಗರಗಳಲ್ಲಿ ನಮ್ಮ ಎಷ್ಟು ಕುಟುಂಬಗಳಿಗಿಲ್ಲ? ಹನ್ನೊಂದು ತಿಂಗಳ ಕರಾರು ಮುಗಿಯುತ್ತಲೇ ಸಾಮಾನು ಕಟ್ಟಬೇಕಾದ, ಮಕ್ಕಳ ಶಾಲೆ ಬದಲಿಸಬೇಕಾದ ಸಂಕಟ ಅನುಭವಿಸಿದವರಿಗೇ ಗೊತ್ತು. ಪತಿ ಅಕಾಲದಲ್ಲಿ ತೀರಿಕೊಂಡಾಗ, ತಲೆಯ ಮೇಲೊಂದು ಸೂರಿದ್ದ ವಿಧವೆಗೂ ಇಲ್ಲದ ವಿಧವೆಗೂ ಇರುವ ವ್ಯತ್ಯಾಸ ದೊಡ್ಡದು. ಇವೆಲ್ಲ ನಿಜವಾದ ಕಾರಣಗಳು. ಇವುಗಳನ್ನು ‘ದುನಿಯಾದ ಮೋಹ’ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ನಿಮ್ಮ ಎದೆಯ ಮೇಲೆ ಕೈಯಿಟ್ಟು ಕೇಳಿಕೊಳ್ಳಿ: ನೀವು ಮನೆಗಾಗಿ ಚಡಪಡಿಸುವುದು ಈ ಕಾರಣಗಳಿಗಾಗಿಯೇ, ಅಥವಾ ನೆಂಟರ ಆ ಒಂದು ಪ್ರಶ್ನೆಗಾಗಿಯೇ? ಗಲ್ಫಿನಲ್ಲಿ ದುಡಿದ ಭಾವನ ಮನೆಯ ಅಮೃತಶಿಲೆಯ ನೆಲ ಕಣ್ಣಿಗೆ ಕುಕ್ಕುತ್ತಿದೆಯೇ? ಮೊದಲನೆಯದು ಅಗತ್ಯ. ಎರಡನೆಯದು ಪೈಪೋಟಿ. ಪೈಪೋಟಿಗಾಗಿ ಕಟ್ಟಿದ ಮನೆಯಲ್ಲಿ ನೆಮ್ಮದಿ ನೆಲೆಸುವುದಿಲ್ಲ, ಯಾಕೆಂದರೆ ಅದರ ಪಕ್ಕದಲ್ಲಿ ನಾಳೆ ಇನ್ನೂ ದೊಡ್ಡದೊಂದು ಏಳುತ್ತದೆ.

‘ಬಾಡಿಗೆ ಎಂದರೆ ಹಣ ಸುಟ್ಟಂತೆ’

ಮನೆ ಮಾರುವವರೂ ಸಾಲ ಕೊಡುವವರೂ ಸದಾ ಹೇಳುವ ಮಾತಿದು. ನಮ್ಮ ಹಿತೈಷಿಗಳೂ ಇದನ್ನೇ ಉರುಹೊಡೆದಿದ್ದಾರೆ. ಆ ಯುವಕನೊಂದಿಗೆ ಕುಳಿತು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ.

30 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 9ರ ಬಡ್ಡಿ, 20 ವರ್ಷಗಳ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 27,000 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮೆಯಾಗುವುದು ಸುಮಾರು 4,500 ಮಾತ್ರ. ಐದು ವರ್ಷ ತಪ್ಪದೆ ಕಟ್ಟಿದ ಬಳಿಕ ನೀವು ಕೊಟ್ಟ ಮೊತ್ತ 16 ಲಕ್ಷಕ್ಕೂ ಹೆಚ್ಚು. ಆದರೆ ಸಾಲ ಇಳಿದದ್ದು ಸುಮಾರು 3 ಲಕ್ಷ 39 ಸಾವಿರ. ಉಳಿದ ಹೆಚ್ಚು ಕಡಿಮೆ 12 ಲಕ್ಷ 80 ಸಾವಿರ ಬಡ್ಡಿ. ಇಪ್ಪತ್ತು ವರ್ಷ ಪೂರ್ತಿ ಕಟ್ಟಿದರೆ ಒಟ್ಟು 64 ಲಕ್ಷ 78 ಸಾವಿರದಷ್ಟಾಗುತ್ತದೆ. ಅದೇ ಐದು ವರ್ಷಗಳಲ್ಲಿ 11,000ದಂತೆ ಬಾಡಿಗೆ ಕೊಟ್ಟಿದ್ದರೆ ಆಗುತ್ತಿದ್ದುದು 6 ಲಕ್ಷ 60 ಸಾವಿರ. ಹಣ ಸುಟ್ಟದ್ದು ಎಲ್ಲಿ ಎಂದು ನೀವೇ ಹೇಳಿ.

ಮನೆಯ ಬೆಲೆ ಏರುತ್ತದಲ್ಲವೇ ಎಂದು ನೀವು ಕೇಳಬಹುದು. ಏರಬಹುದು, ಹಲವೆಡೆ ಏರಿದೆ. ಬಾಡಿಗೆಯೂ ವರ್ಷ ವರ್ಷ ಏರುತ್ತದೆ. ಆದ್ದರಿಂದ ಇಡೀ ವಿಷಯವನ್ನು ಲಾಭ ನಷ್ಟದ ತಕ್ಕಡಿಯಲ್ಲಿ ಮಾತ್ರ ತೂಗಿದರೆ ಉತ್ತರ ಒಂದು ಊರಿನಲ್ಲಿ ಹೀಗೆ, ಇನ್ನೊಂದು ಊರಿನಲ್ಲಿ ಹಾಗೆ ಬಂದೀತು. ಸತ್ಯವಿಶ್ವಾಸಿಯ ತಕ್ಕಡಿಯಲ್ಲಿ ಇನ್ನೊಂದು ತೂಕದ ಕಲ್ಲೂ ಇರಬೇಕು.

ಬಾಡಿಗೆಯೂ ಬಡ್ಡಿಯೂ ಒಂದೇ ಅಲ್ಲವೇ?

ಆ ಯುವಕ ಇನ್ನೊಂದು ಪ್ರಶ್ನೆ ಕೇಳಿದ್ದ. ಮನೆಯನ್ನು ಬಳಸಿದ್ದಕ್ಕೆ ಬಾಡಿಗೆ ಕೊಡುತ್ತೇವೆ, ಹಣವನ್ನು ಬಳಸಿದ್ದಕ್ಕೆ ಬಡ್ಡಿ ಕೊಡುತ್ತೇವೆ. ಒಂದು ಹಲಾಲ್, ಇನ್ನೊಂದು ಹರಾಮ್, ಇದು ಹೇಗೆ?

ಒಳ್ಳೆಯ ಪ್ರಶ್ನೆ. ವ್ಯಾಪಾರವೂ ಬಡ್ಡಿಯಂತೆಯೇ ತಾನೇ ಎಂದು ಅಂದಿನ ಜನರೂ ವಾದಿಸಿದ್ದರೆಂದು ‘ಅಲ್‌ಬಕರಾ’ ಅಧ್ಯಾಯದಲ್ಲಿದೆ. ಉತ್ತರ ಇರುವುದು ಹೊಣೆಗಾರಿಕೆಯಲ್ಲಿ. ಬಾಡಿಗೆ ಮನೆಯ ಮಾಡು ಸೋರಿದರೆ ಹಂಚು ಬದಲಿಸಬೇಕಾದವನು ಮಾಲಕ. ಬೆಂಕಿಗೋ ನೆರೆಗೋ ಮನೆ ಆಹುತಿಯಾದರೆ ನಷ್ಟ ಮಾಲಕನದು. ಅಂದಿನಿಂದ ಬಾಡಿಗೆಯೂ ನಿಲ್ಲುತ್ತದೆ. ವಸ್ತುವಿನ ಭಾರ ಹೊತ್ತವನಿಗೆ ಅದರ ಫಲದ ಹಕ್ಕು ಎಂಬುದು ಫಿಕ್‌ಹ್‌ನ ಪ್ರಸಿದ್ಧ ತತ್ವ. ಸಾಲದಲ್ಲಿ ಹಾಗಿಲ್ಲ. ನಿಮ್ಮ ಮನೆ ಕುಸಿದರೂ, ನಿಮ್ಮ ಕೆಲಸ ಹೋದರೂ, ನೀವು ಹಾಸಿಗೆ ಹಿಡಿದರೂ ಬಡ್ಡಿ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಒಬ್ಬನ ಲಾಭ ಖಚಿತ, ಇನ್ನೊಬ್ಬನ ನಷ್ಟ ಮಾತ್ರ ಅನಿಶ್ಚಿತ. ಇಸ್ಲಾಮ್ ವಿರೋಧಿಸಿದ್ದು ಈ ಏಕಪಕ್ಷೀಯತೆಯನ್ನು. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಅದನ್ನು ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿ ನಿಲ್ಲುವವರನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದು ಇದೇ ಕಾರಣಕ್ಕೆ ಎಷ್ಟು ಗಂಭೀರವೆಂದು ತಿಳಿಯುತ್ತದೆ.

ಬಡ್ಡಿಯಿಲ್ಲದ ಸಾಲವೂ ಹಗುರವಾದುದಲ್ಲ. ಸಾಲದ ಹೊರೆಯಿಂದ ಪ್ರವಾದಿಯವರು(ಸ) ನಮಾಝಿನಲ್ಲಿ ಅಲ್ಲಾಹನ ಅಭಯ ಬೇಡುತ್ತಿದ್ದರು. ಕಾರಣ ಕೇಳಿದಾಗ, ಸಾಲಗಾರನು ಮಾತನಾಡಿದರೆ ಸುಳ್ಳಾಡುತ್ತಾನೆ, ವಾಗ್ದಾನ ಮಾಡಿದರೆ ಮುರಿಯುತ್ತಾನೆ ಎಂದು ವಿವರಿಸಿದರು. ಸಾಲ ಬಿಟ್ಟು ಮರಣ ಹೊಂದಿದ ಓರ್ವರ ಜನಾಝಾ ನಮಾಝಿಗೆ ನೇತೃತ್ವ ನೀಡಲು ಅವರು ಮುಂದಾಗಲಿಲ್ಲ. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನೆರವೇರಿಸಿದರು. ಕೆಲವೇ ದೀನಾರ್‌ಗಳ ಸಾಲದ ಮಾತಿದು. ಇಪ್ಪತ್ತು ವರ್ಷಗಳ ಕರಾರಿಗೆ ಸಹಿ ಹಾಕುವಾಗ ನಮ್ಮ ಕೈ ಒಮ್ಮೆಯಾದರೂ ನಡುಗಬೇಡವೇ?

‘ಬೇರೆ ದಾರಿಯೇ ಇಲ್ಲ’ ಎಂಬವರಿಗೆ

ಮನೆ ಮೂಲಭೂತ ಅಗತ್ಯವೆಂಬುದನ್ನು ಉಲಮಾಗಳು ಮರೆತಿಲ್ಲ. 1990ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ವಸತಿ ಸಾಲದ ಕುರಿತೇ ನಿರ್ಣಯ ಕೈಗೊಂಡಿತು. ವಸತಿ ಮನುಷ್ಯನ ಮೂಲಭೂತ ಅಗತ್ಯವೆಂದು ಒಪ್ಪಿಕೊಂಡೇ, ಅದಕ್ಕಾಗಿ ಪಡೆಯುವ ಬಡ್ಡಿ ಸಾಲ ನಿಷಿದ್ಧವೆಂದು ಅದು ಹೇಳಿತು. ಕಂತುಗಳಲ್ಲಿ ಬೆಲೆ ತೀರಿಸುವ ಮಾರಾಟದಂತಹ ಬದಲಿ ದಾರಿಗಳನ್ನೂ ಮುಂದಿಟ್ಟಿತು. 1999ರಲ್ಲಿ ಯುರೋಪಿನ ಫತ್ವಾ ಮಂಡಳಿಯೊಂದು, ಅಲ್ಲಿನ ಮುಸ್ಲಿಮರಿಗೆ ಬೇರೆ ಉಪಾಯವಿಲ್ಲದಿದ್ದರೆ, ವಾಸಕ್ಕಾಗಿ ಕೊಳ್ಳುವ ಮನೆಯ ಮಟ್ಟಿಗೆ, ಕೆಲವು ಷರತ್ತುಗಳೊಂದಿಗೆ ಸಡಿಲಿಕೆ ನೀಡಿತು. ಹಲವು ಉಲಮಾಗಳು ಅದನ್ನು ಒಪ್ಪಲಿಲ್ಲ.

ನಾವು ಮಾಡುವ ತಪ್ಪೇನು ಗೊತ್ತೇ? ಷರತ್ತುಗಳನ್ನು ಓದದೆ ಸಡಿಲಿಕೆಯನ್ನು ಮಾತ್ರ ಓದುತ್ತೇವೆ. ‘ಅನಿವಾರ್ಯ’ ಎಂಬ ಪದವನ್ನು ನಮ್ಮ ಆಸೆಗೆ ತಕ್ಕಂತೆ ಎಳೆಯುತ್ತೇವೆ. ಒಂದು ಬಾಡಿಗೆ ಮನೆಯಲ್ಲಿ ಸುರಕ್ಷಿತವಾಗಿರುವವನ ಅನಿವಾರ್ಯವೂ, ಎಲ್ಲಿಯೂ ಮನೆ ಸಿಗದೆ ಬೀದಿಗೆ ಬಿದ್ದವನ ಅನಿವಾರ್ಯವೂ ಒಂದೇ ಆಗಲಾರದು. ನಿಮ್ಮ ಪರಿಸ್ಥಿತಿ ನಿಜಕ್ಕೂ ಕಠಿಣವಾಗಿದ್ದರೆ, ನಿಮ್ಮನ್ನೂ ನಿಮ್ಮ ಊರನ್ನೂ ಬಲ್ಲ, ದೇವಭಯವುಳ್ಳ ಆಲಿಮರ ಮುಂದೆ ಲೆಕ್ಕಪತ್ರ ಸಹಿತ ಎಲ್ಲವನ್ನೂ ಬಿಚ್ಚಿಡಿ. ನಿಮಗೆ ನೀವೇ ಫತ್ವಾ ಕೊಟ್ಟುಕೊಳ್ಳಬೇಡಿ.

ನಮ್ಮ ದೇಶದಲ್ಲಿ ಈ ದಾರಿ ಇಕ್ಕಟ್ಟಾಗಿದೆ ಎಂಬುದೂ ನಿಜ. ಬಡ್ಡಿರಹಿತ ಇಸ್ಲಾಮೀ ಬ್ಯಾಂಕಿಂಗ್‌ನ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ ನಿರ್ಧರಿಸಿದ್ದು 2017ರಲ್ಲಿ ಬಹಿರಂಗವಾಯಿತು. ಇಂತಹ ಕೊರತೆಯನ್ನು ದುರುಪಯೋಗ ಮಾಡಿಕೊಳ್ಳುವವರೂ ಇದ್ದಾರೆ. 2019ರಲ್ಲಿ ಬೆಂಗಳೂರಿನಲ್ಲಿ, ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಸಂಸ್ಥೆಯೊಂದು ಕುಸಿದುಬಿದ್ದು ಸಾವಿರಾರು ಮುಸ್ಲಿಮ್ ಕುಟುಂಬಗಳು ಬೀದಿಪಾಲಾದುದನ್ನು ನೀವು ಮರೆತಿರಲಾರಿರಿ. ಮನೆಗೆಂದು, ಮಗಳ ಮದುವೆಗೆಂದು ಕೂಡಿಟ್ಟ ಹಣ ಅದು. ‘ಹಲಾಲ್’ ಎಂಬ ನಾಮಫಲಕ ನೋಡಿ ಹಣ ಕೊಡಬೇಡಿ. ಲಾಭ ಎಲ್ಲಿಂದ ಬರುತ್ತದೆ, ನಷ್ಟವಾದರೆ ಯಾರು ಹೊರುತ್ತಾರೆ ಎಂದು ಕೇಳಿ. ಈ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಸಿಗದಿದ್ದರೆ ಎದ್ದು ಬನ್ನಿ.

ಲೀಸ್ ಎಂಬ ಅಡ್ಡದಾರಿ

ಬೆಂಗಳೂರು, ಮೈಸೂರುಗಳಲ್ಲಿ ಮನೆಯನ್ನು ‘ಲೀಸ್’ಗೆ, ಅಂದರೆ ಭೋಗ್ಯಕ್ಕೆ ಹಾಕಿಕೊಳ್ಳುವ ಕ್ರಮವಿದೆ. ಹತ್ತು ಲಕ್ಷ ರೂಪಾಯಿ ಮಾಲಕನಿಗೆ ಕೊಟ್ಟು, ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಹೋಗುವಾಗ ಅದೇ ಹತ್ತು ಲಕ್ಷವನ್ನು ಮರಳಿ ಪಡೆಯುವುದು. ಬ್ಯಾಂಕಿನ ಬಡ್ಡಿಗೆ ಹೆದರಿದ ನಮ್ಮ ಎಷ್ಟೋ ಧರ್ಮನಿಷ್ಠರು ಇದನ್ನು ನಿಶ್ಚಿಂತೆಯಿಂದ ಅಪ್ಪಿಕೊಂಡಿದ್ದಾರೆ.

ಒಂದು ಕ್ಷಣ ನಿಂತು ಯೋಚಿಸಿ. ಕೊಟ್ಟ ಹಣ ಪೂರ್ತಿ ಮರಳಿ ಬರುವುದಾದರೆ ಅದು ಸಾಲ. ಆ ಸಾಲಕ್ಕೆ ಪ್ರತಿಯಾಗಿ ಮೂರು ವರ್ಷ ಪುಕ್ಕಟೆ ವಾಸ ದೊರೆಯಿತು. ಸಾಲಕ್ಕೆ ಷರತ್ತಾಗಿ ದೊರೆಯುವ ಲಾಭ ಬಡ್ಡಿಯ ವ್ಯಾಪ್ತಿಗೆ ಬರುತ್ತದೆಂದು ಉಲಮಾಗಳು ಎಚ್ಚರಿಸಿದ್ದಾರೆ. ಬ್ಯಾಂಕಿನಲ್ಲಿ ನಾವು ಬಡ್ಡಿ ಕೊಡುವವರಾಗಿದ್ದೆವು, ಇಲ್ಲಿ ತಿನ್ನುವವರಾದೆವು! ಪರಿಹಾರ ಸರಳವಿದೆ. ಆ ಬೀದಿಯ ನ್ಯಾಯವಾದ ಬಾಡಿಗೆಯನ್ನು ಗೊತ್ತುಮಾಡಿ ತಿಂಗಳು ತಿಂಗಳು ಕೊಡಿ. ಮುಂಗಡವು ಭದ್ರತೆಗೆ ಬೇಕಾದಷ್ಟೇ ಇರಲಿ. ಮುಂಗಡ ಹೆಚ್ಚಿಸಿ ಬಾಡಿಗೆಯನ್ನು ಹೆಸರಿಗೆ ಮಾತ್ರ ನೂರು ರೂಪಾಯಿ ಮಾಡುವ ಜಾಣತನ ಅಲ್ಲಾಹನ ಮುಂದೆ ನಡೆಯದು.

ಮಾಲಕರಲ್ಲಿ ಒಂದು ಮಾತು

ಈ ಪುಟಗಳನ್ನು ಓದುವವರಲ್ಲಿ ಬಾಡಿಗೆದಾರರಷ್ಟೇ ಅಲ್ಲ, ಬಾಡಿಗೆ ಮನೆಗಳ ಮಾಲಕರೂ ಇದ್ದಾರೆ. ಯುವ ದಂಪತಿಗಳು ಬಡ್ಡಿಯತ್ತ ಓಡುವುದರಲ್ಲಿ ನಮ್ಮ ಪಾಲೆಷ್ಟು ಎಂದು ನಾವು ಕೇಳಿಕೊಳ್ಳಬೇಕು. ಇತರರು ನಮಗೆ ಮನೆ ಕೊಡುವುದಿಲ್ಲವೆಂದು ದೂರುವ ನಾವೇ, ‘ಚಿಕ್ಕ ಮಕ್ಕಳಿರುವವರಿಗೆ ಕೊಡುವುದಿಲ್ಲ’, ‘ಆ ಜಮಾಅತಿನವರಿಗೆ ಬೇಡ’ ಎನ್ನುತ್ತೇವೆ. ಬಣ್ಣ ಬಳಿಯುವ ನೆಪದಲ್ಲಿ ಮುಂಗಡದ ಹಣವನ್ನು ಹಿಡಿದಿಡುತ್ತೇವೆ. ಒಂದು ತಿಂಗಳು ತಡವಾದರೆ ನೆರೆಹೊರೆಗೆ ಕೇಳುವಂತೆ ಕೂಗಾಡುತ್ತೇವೆ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂಬ ಕುರ್‌ಆನಿನ ಬೋಧನೆ, ಬಡ್ಡಿಯನ್ನು ನಿಷೇಧಿಸಿದ ವಚನಗಳ ಪಕ್ಕದಲ್ಲೇ ಇದೆ. ಒಬ್ಬ ಮಾಲಕ ಐದು ವರ್ಷಗಳ ನೋಂದಾಯಿತ ಕರಾರು ಮಾಡಿ, ಬಾಡಿಗೆ ಎಷ್ಟು ಏರುವುದೆಂದು ಮೊದಲೇ ಬರೆದುಕೊಟ್ಟರೆ, ಆ ಕುಟುಂಬದ ಮಕ್ಕಳು ಒಂದೇ ಶಾಲೆಯಲ್ಲಿ ಕಲಿಯುತ್ತಾರೆ, ಆ ಪತಿ ಬ್ಯಾಂಕಿನ ಬಾಗಿಲಿಗೆ ಹೋಗುವುದಿಲ್ಲ. ಇದಕ್ಕಿಂತ ಸುಲಭದ ಪುಣ್ಯ ಇನ್ನಾವುದಿದೆ?

ಬಾಡಿಗೆದಾರರೂ ಮರೆಯಬಾರದು. ನೀವು ವಾಸಿಸುವ ಮನೆ ನಿಮ್ಮ ಕೈಯಲ್ಲಿರುವ ಅಮಾನತ್ತು. ತನ್ನದಲ್ಲದ ಗೋಡೆಗೆ ಮೊಳೆ ಹೊಡೆಯುವಾಗ ತೋರುವ ಎಚ್ಚರದಲ್ಲೂ ಒಬ್ಬನ ಈಮಾನ್ ಕಾಣುತ್ತದೆ.

ಕೊಳ್ಳುವುದಾದರೆ

ಅಲ್ಲಾಹನು ನಿಮಗೆ ಬಡ್ಡಿಯಿಲ್ಲದೆ ಕೊಳ್ಳುವ ಅನುಕೂಲ ಕೊಟ್ಟಿದ್ದರೆ ಕೊಳ್ಳಿರಿ, ಅವನಿಗೆ ಕೃತಜ್ಞತೆ ಸಲ್ಲಿಸಿರಿ. ಆದರೆ ನಾಲ್ಕು ವಿಷಯಗಳನ್ನು ಗಮನಿಸಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಎರಡು ಕೋಣೆ ಸಾಕಾಗುವಲ್ಲಿ ನಾಲ್ಕು ಕೋಣೆ ಬೇಡ. ಮನೆಗಿಂತ ಮೊದಲು ನೆರೆಯವರನ್ನು ನೋಡು ಎಂದು ಅರಬರಲ್ಲಿ ಗಾದೆಯಿದೆ. ಮಸೀದಿ, ಮದ್ರಸ, ಶಾಲೆ, ಬಸ್ಸು ಹತ್ತಿರವಿದೆಯೇ ನೋಡಿ. ಮೂಲ ದಾಖಲೆ, ಋಣಭಾರ ಪತ್ರ, ಖಾತಾ, ಭೂಪರಿವರ್ತನೆಯ ಆದೇಶಗಳನ್ನು ಒಬ್ಬ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ‘ನಮ್ಮವರೇ’ ಎಂಬ ನಂಬಿಕೆ ದಾಖಲೆಯ ಬದಲಿಗೆ ನಿಲ್ಲದು. ವ್ಯವಹಾರವನ್ನು ಬರೆದಿಡಿ ಎಂದು ಆಜ್ಞಾಪಿಸಿದವನು ಅಲ್ಲಾಹನೇ.

ನಾಲ್ಕನೆಯದು ನಮ್ಮ ಸಹೋದರಿಯರ ಹಕ್ಕಿನ ವಿಷಯ. ಮನೆ ಕೊಳ್ಳುವಾಗ ಹೆಚ್ಚಾಗಿ ಮೊದಲು ಮಾರಾಟವಾಗುವುದು ಪತ್ನಿಯ ಚಿನ್ನ, ಅದರಲ್ಲಿ ಅವಳ ಮಹರ್ ಕೂಡ ಸೇರಿರುತ್ತದೆ. ಆದರೆ ಕ್ರಯಪತ್ರದಲ್ಲಿ ಹೆಸರು ಪತಿಯದು ಮಾತ್ರ. ನಾಳೆ ಪತಿ ತೀರಿಕೊಂಡರೆ, ಮಕ್ಕಳಿರುವಾಗ ಅವಳ ವಾರೀಸು ಪಾಲು ಎಂಟನೇ ಒಂದು. ತನ್ನ ಚಿನ್ನದಿಂದ ಎದ್ದ ಮನೆಯಲ್ಲೇ ಅವಳು ಎಂಟನೇ ಒಂದರ ಹಕ್ಕುದಾರಳಾಗಿ ನಿಲ್ಲಬೇಕೇ? ಅವಳು ಕೊಟ್ಟದ್ದು ಉಡುಗೊರೆಯೋ, ಸಾಲವೋ, ಪಾಲುದಾರಿಕೆಯೋ ಎಂಬುದನ್ನು ಅಂದೇ ಬರೆದಿಡಿ. ಪಾಲಾಗಿದ್ದರೆ ಕ್ರಯಪತ್ರದಲ್ಲಿ ಅವಳ ಹೆಸರಿರಲಿ. ಇದನ್ನು ಅಪನಂಬಿಕೆ ಎಂದು ಭಾವಿಸುವ ಪತಿ, ತನ್ನ ಮರಣದ ಮರುದಿನ ಆ ಮನೆಯಲ್ಲಿ ನಡೆಯಬಹುದಾದ ಮಾತುಕತೆಯನ್ನು ಒಮ್ಮೆ ಊಹಿಸಿಕೊಳ್ಳಲಿ.

ಆ ದಂಪತಿ ಮಾಡಿದ್ದು

ಆ ಯುವಕ ಅಂದು ಲೆಕ್ಕದ ಕಾಗದವನ್ನು ಜೇಬಿಗೆ ಹಾಕಿಕೊಂಡು ಹೋದ. ಪತಿ ಪತ್ನಿ ಹಲವು ರಾತ್ರಿ ಕುಳಿತು ಮಾತನಾಡಿದರಂತೆ. ಕೊನೆಗೆ ಫ್ಲ್ಯಾಟ್ ಬೇಡವೆಂದು ತೀರ್ಮಾನಿಸಿದರು. ಅದೇ ಬಾಡಿಗೆ ಮನೆಯಲ್ಲಿ ಉಳಿದು ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಉಳಿಸತೊಡಗಿದರು. ಮೂರು ವರ್ಷಗಳ ಬಳಿಕ ನಗರದಿಂದ ದೂರದ ಒಂದು ಹಳ್ಳಿಯಲ್ಲಿ, ಪರಿಚಿತರೊಬ್ಬರಿಂದ ಐದು ಸೆಂಟ್ಸ್ ಜಾಗ ಕೊಂಡರು. ಬೆಲೆ ಮೊದಲೇ ನಿಶ್ಚಯ, ಅರ್ಧ ನಗದು, ಉಳಿದದ್ದು ಎರಡು ವರ್ಷಗಳ ಕಂತು. ತಡವಾದರೂ ಒಂದು ರೂಪಾಯಿ ಹೆಚ್ಚಿಲ್ಲ. ಆಕೆಯ ಬಳೆಗಳು ಅದಕ್ಕೆ ಸೇರಿದ್ದರಿಂದ ಜಾಗ ಇಬ್ಬರ ಹೆಸರಿನಲ್ಲಿದೆ. ಮನೆ ಇನ್ನೂ ಎದ್ದಿಲ್ಲ.

ಇದನ್ನು ಗೆಲುವಿನ ಕಥೆಯೆಂದು ನಾನು ಹೇಳಲಾರೆ. ಅಂದು 38 ಲಕ್ಷವಿದ್ದ ಆ ಫ್ಲ್ಯಾಟಿಗೆ ಈಗ 50 ಲಕ್ಷ ದಾಟಿದೆಯೆಂದು ಅವನೇ ಒಮ್ಮೆ ಹೇಳಿದ. ಅವನ ಧ್ವನಿಯಲ್ಲಿ ನೋವಿರಲಿಲ್ಲವೆಂದರೆ ಅದು ಸುಳ್ಳಾಗುತ್ತದೆ. ಅಲ್ಲಾಹನ ಆಜ್ಞೆಯನ್ನು ಪಾಲಿಸಿದರೆ ಈ ಲೋಕದಲ್ಲಿ ಪ್ರತಿ ಬಾರಿಯೂ ಲಾಭವೇ ಆಗುತ್ತದೆಂದು ನಮ್ಮ ಮಕ್ಕಳಿಗೆ ಕಲಿಸುವುದು ಸರಿಯಲ್ಲ. ಹಾಗಿದ್ದರೆ ಅದು ಪರೀಕ್ಷೆ ಹೇಗಾದೀತು? ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ. ತೆತ್ತ ಬೆಲೆ ಯಾರ ಬಳಿ ಜಮೆಯಾಗಿದೆ ಎಂಬ ವಿಶ್ವಾಸವೇ ಈಮಾನ್.

ಕಳೆದ ಈದ್‌ನಂದು ಅವರ ಮನೆಗೆ ಹೋಗಿದ್ದೆ. ಅದೇ ಹಳೆಯ ಹಂಚಿನ ಬಾಡಿಗೆ ಮನೆ. ಅಂಗಳದಲ್ಲಿ ಮಕ್ಕಳು ಮಾಲಕರ ಮೊಮ್ಮಕ್ಕಳೊಂದಿಗೆ ಆಡುತ್ತಿದ್ದರು. ನೆಂಟರು ಈಗಲೂ ಅದೇ ಪ್ರಶ್ನೆ ಕೇಳುತ್ತಾರೆಯೇ ಎಂದು ವಿಚಾರಿಸಿದೆ. ಆ ಸಹೋದರಿ ಒಳಗಿನಿಂದಲೇ ಉತ್ತರಿಸಿದರು: ‘ಕೇಳುತ್ತಾರೆ. ಹೌದು, ಬಾಡಿಗೆ ಮನೆಯೇ, ಆದರೆ ಯಾರಿಗೂ ಬಾಕಿ ಇಲ್ಲ ಎನ್ನುತ್ತೇನೆ. ಆಮೇಲೆ ಊಟಕ್ಕೆ ಕೂರುತ್ತೇನೆ.’

ಪ್ರಿಯ ಓದುಗರೇ, ನಾವೆಲ್ಲರೂ ಒಂದು ದಿನ ಎಲ್ಲ ಮನೆಗಳನ್ನೂ ಖಾಲಿ ಮಾಡಿ ಹೋಗಬೇಕಾದವರು. ಕ್ರಯಪತ್ರ ಇದ್ದವನೂ ಅದನ್ನು ಇಲ್ಲಿಯೇ ಬಿಟ್ಟು ಹೋಗಬೇಕು. ಅಲ್ಲಿಯ ತನಕ ನಮ್ಮ ಮನೆಗಳು, ಸ್ವಂತದ್ದಾಗಲಿ ಬಾಡಿಗೆಯದ್ದಾಗಲಿ, ನೆಮ್ಮದಿಯ ತಾಣಗಳಾಗಿರಲಿ. ಅಲ್ಲಾಹನು ನಮಗೆಲ್ಲರಿಗೂ ಹಲಾಲ್ ಆದ ಸೂರನ್ನೂ, ಇದ್ದುದರಲ್ಲಿ ತೃಪ್ತಿಪಡುವ ಮನಸ್ಸನ್ನೂ ಕರುಣಿಸಲಿ. ಆಮೀನ್.